ಮೊದಲ ಸುತ್ತು ಮುಗಿಯುವವರೆಗೆ ಏಳಬಾರದು

ಐಸ್ ಹಾಕಿಯಲ್ಲಿ ಕಣ್ಣಿಟ್ಟು ನೋಡಬೇಕಾದದ್ದು ಪ್ಲೇಆಫಿನ ಮೊದಲ ಸುತ್ತು ಒಂದೇ. ಇದನ್ನು ನಲವತ್ತು ವರ್ಷದಿಂದ ಹೇಳುತ್ತ ಬಂದಿದ್ದೇನೆ. ಶಾಲೆಯ ಬಸ್ಸು ಓಡಿಸುತ್ತಿದ್ದಾಗ ಹಿಂದೆ ಕೂತ ಮಕ್ಕಳಿಗೂ ಹೇಳಿದ್ದೇನೆ, ಅಂಚೆ ಕಚೇರಿಯಲ್ಲಿ ಸಾಲು ನಿಂತವರಿಗೂ ಹೇಳಿದ್ದೇನೆ. ಚಳಿಗಾಲವಿಡೀ ಆಡುವ ಎಂಬತ್ತೆರಡು ಪಂದ್ಯಗಳು ಹೊತ್ತು ಕಳೆಯುವುದಕ್ಕೆ. ಜೂನ್ ತಿಂಗಳ ಫೈನಲ್ಲು ಹಾಕಿಯ ಗಂಧವೇ ಇಲ್ಲದ ಪೇಟೆಯವರಿಗೆ. ಜೂನಿನಲ್ಲಿ ನಾವು ಆಲೂಗಡ್ಡೆ ನೆಡುತ್ತಿರುತ್ತೇವೆ, ಕಿಟಕಿಗೆ ಸೊಳ್ಳೆ ಪರದೆ ಹೊಡೆಯುತ್ತಿರುತ್ತೇವೆ. ಆಗ ಮಂಜುಗಡ್ಡೆಯ ಮೇಲಿನ ಆಟ ಯಾರಿಗೆ ಬೇಕು?

ಮೊದಲ ಸುತ್ತು ಬರುವುದು ಏಪ್ರಿಲ್ ಮಧ್ಯದಲ್ಲಿ. ಹದಿನಾರು ತಂಡ, ಎಂಟು ಜೋಡಿ. ಒಂದೊಂದು ಜೋಡಿಯಲ್ಲೂ ಮೊದಲು ನಾಲ್ಕು ಪಂದ್ಯ ಗೆದ್ದವರು ಮುಂದಕ್ಕೆ, ಸೋತವರು ಮನೆಗೆ. ಆಗ ಆಟಗಾರರಿಗೆ ಇನ್ನೂ ಹಲ್ಲಿರುತ್ತವೆ, ಮೊಣಕಾಲಿರುತ್ತವೆ, ಆಸೆಯಿರುತ್ತದೆ. ಸೋಲುವವರೆಗೆ ಗಡ್ಡ ತೆಗೆಯುವುದಿಲ್ಲ ಎಂದು ಎಲ್ಲರೂ ಬಿಟ್ಟಿರುತ್ತಾರಲ್ಲ, ಆ ಗಡ್ಡ ಇನ್ನೂ ತುರಿಸುವ ಹಂತದಲ್ಲಿರುತ್ತದೆ. ತಡವಾಗಿ ಎದ್ದ ಗಂಡಸರ ಹಾಗೆ ಕಾಣುತ್ತಾರೆ. ಸಮ ಆದರೆ ಹೆಚ್ಚುವರಿ ಅವಧಿಗೆ ಕೊನೆಯೆಂಬುದಿಲ್ಲ. ಒಂದು ಗೋಲು ಬೀಳುವವರೆಗೆ ಆಡುತ್ತಲೇ ಇರಬೇಕು. ಆ ಹೊತ್ತಿನಲ್ಲಿ ಕಾಲ ಹೇಗಾಗುತ್ತದೆಂದರೆ, ಗಡಿಯಾರ ನೋಡಿದರೂ ಎಷ್ಟು ಗಂಟೆ ಎಂದು ತಲೆಗೆ ಹೋಗುವುದಿಲ್ಲ. ನಿದ್ದೆಯೂ ಅಲ್ಲ, ಎಚ್ಚರವೂ ಅಲ್ಲ.

ಕೊನೆಗೆ ಕೈಕುಲುಕುವ ಸಾಲು. ಚಳಿಗಾಲದ ಪಂದ್ಯಗಳಲ್ಲಿ ಯಾರೂ ಯಾರ ಕೈಯನ್ನೂ ಹಿಡಿಯುವುದಿಲ್ಲ. ಪ್ಲೇಆಫಿನಲ್ಲಿ ಒಂದು ಜೋಡಿಯ ಲೆಕ್ಕ ಪೂರ್ತಿ ಮುಗಿದ ಮೇಲೆ ಮಾತ್ರ ಎರಡೂ ತಂಡ ಎದುರುಬದುರು ಸಾಲಾಗಿ ಬಂದು, ಎರಡು ವಾರ ಒಬ್ಬರ ಮುಖ ಒಬ್ಬರು ಜಜ್ಜಿದವರೇ ಕೈಗೆ ಕೈ ಕೊಟ್ಟು ಹೋಗುತ್ತಾರೆ. ಅದನ್ನು ನೋಡುವಾಗ ಅಪ್ಪ ಟೋಪಿ ತೆಗೆಯುತ್ತಿದ್ದ. ಕೆಲವರು ಆಗಲೇ ಟಿವಿ ಆರಿಸಿ ಮಲಗಲು ಹೋಗುತ್ತಾರೆ. ಅಂಥವರ ಮನೆಯಲ್ಲಿ ನಾನು ಕಾಫಿ ಕುಡಿಯುವುದಿಲ್ಲ.

ನಮ್ಮ ತಂಡ ಅಂದರೆ ದಕ್ಷಿಣಕ್ಕೆ ಒಂದೂವರೆ ಗಂಟೆ ದಾರಿಯ ನಗರದ್ದು. ಅವರಿಗೆ ಎರಡನೆಯ ಸುತ್ತು ಅಂದರೆ ಶ್ರೀಮಂತ ನೆಂಟರ ಮನೆ. ಇದೆಯೆಂದು ಗೊತ್ತು, ಒಳಗೆ ಕಾಲಿಟ್ಟವರಿಲ್ಲ. ಪ್ರತಿ ವಸಂತದಲ್ಲೂ ಸರೋವರದ ಮಂಜುಗಡ್ಡೆ ಕರಗುವುದಕ್ಕೂ ನಮ್ಮವರು ಸೋಲುವುದಕ್ಕೂ ಸರಿಹೋಗುತ್ತಿತ್ತು. ನಮ್ಮದು ಪಶ್ಚಿಮ ದಂಡೆಯ ಮೀನುಗಾರರ ಹಳ್ಳಿ. ಮುತ್ತಜ್ಜಂದಿರು ಐಸ್‌ಲ್ಯಾಂಡಿನಿಂದ ಹಡಗು ಹತ್ತಿ ಬಂದು ಈ ಮ್ಯಾನಿಟೋಬಾ ಪ್ರಾಂತ್ಯದ ನೀರಿಗೆ ಬಲೆ ಬೀಸಿದವರು. ನವೆಂಬರಿನಿಂದ ಏಪ್ರಿಲಿನವರೆಗೆ ಆ ನೀರು ನಮಗೆ ನೆಲ. ಅದರ ಮೇಲೆ ಟ್ರಕ್ಕು ಓಡಿಸುತ್ತೇವೆ, ಮರದ ಗೂಡು ಎಳೆದುಕೊಂಡು ಹೋಗಿ ನಿಲ್ಲಿಸಿ, ಒಳಗೆ ಒಲೆ ಹಚ್ಚಿ, ತೂತು ಕೊರೆದು ಮೀನು ಹಿಡಿಯುತ್ತೇವೆ. ಪಾನ್‌ಬೀಡಾ ಅಂಗಡಿಯಷ್ಟು ಇರುತ್ತದೆ ಆ ಗೂಡು, ಅಡಿಯಲ್ಲಿ ಎರಡು ಜಾರುಪಟ್ಟಿ. ಮಾರ್ಚ್ ಮುಗಿಯುವುದರೊಳಗೆ ದಂಡೆಗೆ ತರಬೇಕೆಂದು ಕಾನೂನಿದೆ.

ನನ್ನ ತಮ್ಮ ದೋರಿಯ ಗೂಡು ಈ ವರ್ಷ ಮೇ ತಿಂಗಳು ಬಂದರೂ ಸರೋವರದ ಮೇಲೆಯೇ ಇತ್ತು. ಅದಕ್ಕೆ ಕಾರಣ ನಾನು.

ಅಪ್ಪನ ನಿಯಮ ಒಂದಿತ್ತು. ಪಂದ್ಯ ಶುರುವಾದಾಗ ಯಾರು ಎಲ್ಲಿ ಕೂತಿದ್ದಾರೋ ಅಲ್ಲೇ ಇರಬೇಕು. ಏಳಬಾರದು, ಫೋನ್ ಎತ್ತಬಾರದು, ಬಾಗಿಲು ತಟ್ಟಿದರೆ ತೆಗೆಯಬಾರದು. ವಿರಾಮದಲ್ಲಿ ಬೇಕಾದರೆ ಎದ್ದು ಬಚ್ಚಲಿಗೆ ಹೋಗಿ ಬರಬಹುದು. ಒಬ್ಬರು ಎದ್ದರೂ ಅಲ್ಲಿ ಪಕ್, ಅಂದರೆ ಆಟದ ರಬ್ಬರ್ ಬಿಲ್ಲೆ, ನಮ್ಮ ಗೋಲಿನೊಳಗೆ ಬೀಳುತ್ತದೆ. ಬೇರೆಯವರು ಅದೃಷ್ಟಕ್ಕೆಂದು ಒಗೆಯದ ಅಂಗಿ ಹಾಕಿಕೊಂಡು ಕೂರುವುದನ್ನು ಕಂಡರೆ ನಾನು ಮೂಗು ಮುರಿಯುತ್ತೇನೆ, ಅದು ಬರೀ ಕೊಳಕು. ನಮ್ಮ ಮನೆಯ ನಿಯಮಕ್ಕೆ ಮಾತ್ರ ಆಧಾರವಿತ್ತು ಎಂದೇ ನಂಬಿದ್ದೆ. ನಮ್ಮ ಹಳ್ಳಿಯಲ್ಲಿ ಮನೆಮನೆಗೂ ಇಂಥದೊಂದು ನಿಯಮವಿದೆ, ಮನೆಮನೆಯಲ್ಲೂ ಅದಕ್ಕೆ ಆಧಾರವಿದೆ.

ಹನ್ನೆರಡು ವರ್ಷದ ಹಿಂದೆ ಇದೇ ಅಡುಗೆಮನೆಯಲ್ಲಿ, ಮೊದಲ ಸುತ್ತಿನ ಏಳನೆಯ ಪಂದ್ಯದ ಹೆಚ್ಚುವರಿ ಅವಧಿಯಲ್ಲಿ, ಅಪ್ಪ ಒಲೆಯ ಪಕ್ಕದ ಕುರ್ಚಿಯಲ್ಲಿ ಕೂತು ಎದೆ ಸ್ವಲ್ಪ ಹಿಡಿದ ಹಾಗಿದೆ ಎಂದ. ಆಸ್ಪತ್ರೆಗೆ ಹೋಗೋಣವೇ ಎಂದು ಕೇಳಿದ್ದಕ್ಕೆ "ಕೂತ್ಕೋ, ಆಟ ಮುಗೀಲಿ" ಎಂದ. ನಾನೂ ದೋರಿಯೂ ಕೂತೆವು. ಆಟ ಇನ್ನೂ ಮುಕ್ಕಾಲು ಗಂಟೆ ನಡೆಯಿತು. ನಮ್ಮವರು ಸೋತರು. ಆಸ್ಪತ್ರೆಯ ದಾರಿಯಲ್ಲಿ, ನನ್ನ ಕಾರಿನಲ್ಲಿ, ಅಪ್ಪ ಹೋದ. ಇದರ ಬಗ್ಗೆ ನಾನು ದೋರಿಯೊಡನೆ ಒಂದು ದಿನವೂ ಮಾತಾಡಿಲ್ಲ. ಹಾಕಿಯ ಬಗ್ಗೆ ದಿನಾ ಮಾತಾಡುತ್ತೇವೆ. ಆದರೆ ಅಂದಿನಿಂದ ಒಂದೇ ಕೋಣೆಯಲ್ಲಿ ಕೂತು ಆಟ ನೋಡಿದ್ದಿಲ್ಲ.

ಈ ವರ್ಷ ಮೊದಲ ಪಂದ್ಯದ ಸಂಜೆ ದೋರಿ ಗೂಡನ್ನು ಎಳೆದು ತರಲೆಂದೇ ಹೋಗಿದ್ದ. ಹಿಂದಿನ ವಾರದ ಬಿರುಗಾಳಿಗೆ ಜಾರುಪಟ್ಟಿ ಹೆಪ್ಪುಗಟ್ಟಿ ಕಚ್ಚಿಕೊಂಡಿತ್ತು. ಕಡಿದು ಬಿಡಿಸುತ್ತಿರುವಾಗಲೇ ಪಂದ್ಯದ ಹೊತ್ತಾಯಿತು, ರೇಡಿಯೋ ಹಾಕಿಕೊಂಡು ಅಲ್ಲೇ ಕೂತ. ನಮ್ಮವರು ಗೆದ್ದರು. ಎದುರಾಳಿಗಳು ಮರುಭೂಮಿಯ ಊರಿನವರು. ಆ ಊರಿನ ಜನ ಮಂಜುಗಡ್ಡೆ ಕಂಡಿರುವುದು ಲೋಟದಲ್ಲಿ ಮಾತ್ರ. ಅಂಥವರ ಕೈಯಲ್ಲಿ ಸೋಲುವುದಕ್ಕಿಂತ ನಮ್ಮವರು ಚದುರಂಗ ಆಡುವುದು ಲೇಸು ಎಂದು ನಾನು ಮೊದಲೇ ಹೇಳಿದ್ದೆ.

ಎರಡನೆಯ ಮತ್ತು ಮೂರನೆಯ ಪಂದ್ಯವನ್ನು ದೋರಿ ಮನೆಯಲ್ಲಿ ಕೂತು ಕೇಳಿದ. ಎರಡೂ ಸೋತರು. ಆಗ ನಾನೇ ಫೋನ್ ಮಾಡಿದೆ.

"ಗೂಡಿಗೆ ಹೋಗು. ನಾಳೆ ಅಲ್ಲೇ ಕೂತ್ಕೊಂಡು ಕೇಳು."

"ಅದನ್ನ ನಾಳೆ ಎಳ್ಕೊಂಡು ಬರೋಣ ಅಂತಿದ್ದೆ ಕಣೆ. ಈಗ್ಲೇ ತಿಂಗಳು ತಡ ಆಗಿದೆ."

"ಎಳೆದ್ರೆ ನೋಡು. ಸುತ್ತು ಮುಗಿಯೋವರೆಗೆ ಅದು ಇದ್ದಲ್ಲೇ ಇರ್ಲಿ."

ನಾಲ್ಕನೆಯದನ್ನು ಗೂಡಿನಲ್ಲಿ ಕೇಳಿದ, ಗೆದ್ದರು. ಐದನೆಯ ಪಂದ್ಯದ ದಿನ ಸೊಂಟ ಹಿಡಿದು ಮನೆಯಲ್ಲಿ ಮಲಗಿದ, ಸೋತರು. ಆರನೆಯದಕ್ಕೆ ಕುಂಟಿಕೊಂಡೇ ಹೋದ, ಗೆದ್ದರು. ಇದಕ್ಕಿಂತ ಆಧಾರ ಇನ್ನೇನು ಬೇಕು? ನಡುವೆ ಒಮ್ಮೆ ಮೀನುಗಾರಿಕೆ ಇಲಾಖೆಯ ಅಧಿಕಾರಿ ಫ್ಲೆಟ್ ಬಂದು ಗೂಡು ಯಾಕಿನ್ನೂ ತೆಗೆದಿಲ್ಲ ಎಂದು ಕೇಳಿದ್ದನಂತೆ. ನಮ್ಮ ವಯಸ್ಸಿನವನೇ ಅವನು. ದೋರಿ ಕಾಫಿ ಕೊಟ್ಟು, ಯಾವ ಯಾವ ಪಂದ್ಯ ಎಲ್ಲೆಲ್ಲಿ ಕೂತು ಕೇಳಿದೆ ಎಂದು ವರದಿ ಒಪ್ಪಿಸಿದ. ಫ್ಲೆಟ್ ಸಕ್ಕರೆ ಅಚ್ಚು ಬಾಯಲ್ಲಿಟ್ಟುಕೊಂಡು ಕಾಫಿ ಹೀರುತ್ತ ಬಹಳ ಹೊತ್ತು ಯೋಚನೆ ಮಾಡಿ, ನೋಟೀಸನ್ನು ಸುತ್ತು ಮುಗಿದ ಮೇಲೆ ಬರೆಯುತ್ತೇನೆ ಎಂದು ಹೊರಟುಹೋದ.

ಆ ಎರಡು ವಾರದ ಸಂಜೆಗಳನ್ನು ನೆನೆದರೆ ಈಗಲೂ ಒಂದು ಕನಸಿನೊಳಗೆ ಕೂತ ಹಾಗೆ ಆಗುತ್ತದೆ. ನನ್ನ ಅಡುಗೆಮನೆಯ ಕಿಟಕಿ ಸರೋವರಕ್ಕೆ ಎದುರು. ಅರ್ಧ ಮೈಲಿ ದೂರದಲ್ಲಿ ದೋರಿಯ ಗೂಡು, ಅದರ ಬಾಗಿಲೂ ಕಿಟಕಿಯೂ ನನ್ನ ಕಡೆಗೆ. ಮಂಜುಗಡ್ಡೆ ಮೊದಲು ಬೂದಿಯ ಬಣ್ಣಕ್ಕೆ ತಿರುಗಿತು, ಆಮೇಲೆ ಅಲ್ಲಲ್ಲಿ ಕಪ್ಪಾಯಿತು. ಸೂರ್ಯ ಇಳಿಯುವಾಗ ಅದರ ಮೇಲೆ ನಿಂತ ತೆಳು ನೀರಿನಲ್ಲಿ ಆಕಾಶ ಬಿದ್ದಿರುತ್ತಿತ್ತು. ಗೂಡು ನೆಲದ ಮೇಲೂ ಇಲ್ಲದೆ, ನೀರಿನ ಮೇಲೂ ಇಲ್ಲದೆ, ನಸುಗೆಂಪಿನ ನಡುವೆ ಸುಮ್ಮನೆ ತೂಗುತ್ತಿರುವಂತೆ ಕಾಣುತ್ತಿತ್ತು. ನಾನು ಟಿವಿಯ ಎದುರಿನ ಕುರ್ಚಿಯಲ್ಲಿ ಕೂತು ಕಿಟಕಿಯ ಬಳಿ ಹಳದಿ ದೀಪ ಹಚ್ಚಿಡುತ್ತಿದ್ದೆ. ಆ ದೀಪ ಉರಿಯುತ್ತಿದ್ದರೆ ಅಕ್ಕ ರೂನಾ ಕುರ್ಚಿ ಬಿಟ್ಟಿಲ್ಲ ಎಂದು ದೋರಿಗೆ ಅರ್ಥ. ಇದನ್ನು ನಾವು ಮಾತಾಡಿಕೊಂಡಿದ್ದಲ್ಲ, ಹಾಗೇ ಆಗಿಹೋಯಿತು.

ನಮ್ಮವರು ಗೋಲು ಹೊಡೆದಾಗ ದೋರಿ ಕೂತಲ್ಲಿಂದಲೇ ಗೂಡಿನ ಬಾಗಿಲು ತೆಗೆದು ಲಾಟೀನು ಎತ್ತುತ್ತಿದ್ದ. ರೇಡಿಯೋ ಆಟವನ್ನು ಆಗಿಂದಾಗಲೇ ಹೇಳುತ್ತದೆ. ನನ್ನ ಟಿವಿಗೆ ಅದೇ ಆಟ ಆಕಾಶ ಸುತ್ತಿ ಬರುವಷ್ಟರಲ್ಲಿ ಎಂಟು ಸೆಕೆಂಡು ತಡ. ಹಾಗಾಗಿ ಪರದೆಯ ಮೇಲೆ ನಮ್ಮ ಹುಡುಗನ ಹತ್ತಿರ ಪಕ್ ಇನ್ನೂ ಬಂದೇ ಇರುವುದಿಲ್ಲ, ಅಲ್ಲಿ ದೂರದ ಮಂಜುಗಡ್ಡೆಯ ಮೇಲೆ ಲಾಟೀನು ಏಳುತ್ತದೆ. ಆಮೇಲೆ ನಾನು ನಿಶ್ಚಿಂತೆಯಿಂದ ಕೂತು, ಆಗಲೇ ಆಗಿಹೋದದ್ದು ಆಗುವುದನ್ನು ನೋಡುತ್ತೇನೆ. ನನ್ನ ತಮ್ಮ ನನಗಿಂತ ಎಂಟು ಸೆಕೆಂಡು ಮುಂದಿನ ಲೋಕದಲ್ಲಿ ಕೂತಿದ್ದಾನೆ, ಅಲ್ಲಿಂದ ಎಲ್ಲ ಸರಿಯಿದೆ ಎಂದು ದೀಪ ತೋರಿಸುತ್ತಿದ್ದಾನೆ ಅನ್ನಿಸುತ್ತಿತ್ತು. ಅರವತ್ತಾರು ವರ್ಷದ ಹೆಂಗಸು ಇಂಥದನ್ನೆಲ್ಲ ಯೋಚಿಸಬಾರದು. ಆದರೂ ಅಷ್ಟು ಸುಖ ನನಗೆ ಬಹಳ ವರ್ಷದಿಂದ ಸಿಕ್ಕಿರಲಿಲ್ಲ.

ಏಳನೆಯ ಪಂದ್ಯ ಭಾನುವಾರ, ಸಂಜೆ ನಾಲ್ಕಕ್ಕೆ. ಬೆಳಿಗ್ಗೆ ದಂಡೆಗೆ ಹೋಗಿ ನೋಡಿದೆ. ಮಂಜುಗಡ್ಡೆ ಕಡ್ಡಿಕಡ್ಡಿಯಾಗಿ ಬಿಡತೊಡಗಿತ್ತು. ಕೊಳೆತ ಮಂಜುಗಡ್ಡೆ ಹಾಗೆಯೇ, ಮೇಲಿನಿಂದ ಕೆಳಗೆ ಗಾಜಿನ ಕಡ್ಡಿಗಳಾಗಿ ಸೀಳಿಕೊಳ್ಳುತ್ತದೆ. ಅಲೆ ಮುಟ್ಟಿದಾಗಲೆಲ್ಲ ಬಳೆ ಅಲುಗಿದಂತೆ ಕಿಣಿಕಿಣಿ ಅನ್ನುತ್ತದೆ. ದಂಡೆಯ ಅಂಚಿನಲ್ಲಿ ಆಗಲೇ ಮಾರುದ್ದ ನೀರು ಬಿಟ್ಟಿತ್ತು. ದೋರಿ ಅದರ ಮೇಲೆ ಹಲಗೆ ಹಾಕಿಕೊಂಡು ದಾಟುತ್ತಿದ್ದ.

"ಇವತ್ತು ಬೇಡ್ವೇನೋ" ಎಂದೆ. ಎಂದೆನಷ್ಟೆ, ದನಿಯಲ್ಲಿ ಗಟ್ಟಿತನ ಇರಲಿಲ್ಲ. ಅವನು ಹೋಗಲಿ ಎಂದೇ ನನ್ನ ಒಳಗಿತ್ತು. ಈಗ ಹೇಳಲು ನಾಚಿಕೆಯಾಗುತ್ತದೆ.

"ಇನ್ನೂ ಒಂದಡಿ ದಪ್ಪ ಇದೆ. ಮೂರೇ ಗಂಟೆ ತಾನೆ" ಎಂದ. "ಸೋತ್ರೆ ಬೇಗ ಬರ್ತೀನಿ. ಗೆದ್ರೆ ನಿಧಾನಕ್ಕೆ ಬರ್ತೀನಿ."

ಅವನು ಹಲಗೆ ದಾಟಿ, ಸೊಂಟದ ಮೇಲೆ ಒಂದು ಕೈ ಇಟ್ಟುಕೊಂಡು, ರೇಡಿಯೋ ನೇತುಹಾಕಿಕೊಂಡು ನಡೆದುಹೋಗುವುದನ್ನು ನೋಡುತ್ತ ನಿಂತೆ. ಹಿಂದಿನಿಂದ ನೋಡಿದರೆ ಥೇಟ್ ಅಪ್ಪ.

ಮಧ್ಯಾಹ್ನ ಮೋಡ ಕವಿಯಿತು. ನೆಲದಿಂದ ತೆಳುಮಂಜು ಏಳುತ್ತಿತ್ತು. ನಾಲ್ಕು ಗಂಟೆಗೇ ದೀಪ ಹಚ್ಚಿದೆ. ವೀನಾರ್ತೆರ್ತಾ ಕೇಕ್ ಕೊಯ್ದು ತಟ್ಟೆಯಲ್ಲಿಟ್ಟುಕೊಂಡೆ. ಒಣಹಣ್ಣಿನ ಪಾಕ ಹಚ್ಚಿ ಏಳು ಪದರ ಮಾಡುತ್ತೇವೆ ನಾವು. ಐದು ಪದರ ಮಾಡುವವರೂ ಇದ್ದಾರೆ, ಅವರ ಮಾತು ಬೇಡ. ಮೊದಲ ಅವಧಿಯಲ್ಲಿ ಮರುಭೂಮಿಯವರು ಒಂದು ಹೊಡೆದರು. ಎರಡನೆಯದರಲ್ಲಿ ಲಾಟೀನು ಮೇಲೆದ್ದಿತು, ಎಂಟು ಸೆಕೆಂಡಿನ ಮೇಲೆ ನಾವೂ ಒಂದು ಹೊಡೆದೆವು. ಮೂರನೆಯದರಲ್ಲಿ ಎರಡೂ ಕಡೆಯವರಿಗೆ ಕಾಲು ಸೋತಿತ್ತು. ನಮ್ಮ ಗೋಲ್‌ಕೀಪರ್ ಒಬ್ಬ ಮಾತ್ರ ಮೇಜಿನ ಮೇಲೆ ಕೂತ ಬೆಕ್ಕಿನ ಹಾಗೆ ಎಲ್ಲವನ್ನೂ ಹಿಡಿಯುತ್ತಿದ್ದ. ಒಂದು–ಒಂದರಲ್ಲಿ ಅರವತ್ತು ನಿಮಿಷ ಮುಗಿದು ಹೆಚ್ಚುವರಿ ಅವಧಿಗೆ ಬಂತು. ಹನ್ನೆರಡು ವರ್ಷದಿಂದ ನಮ್ಮವರು ಏಳನೆಯ ಪಂದ್ಯದವರೆಗೆ ಬಂದಿರಲಿಲ್ಲ.

ಆಗ ಕಿಟಕಿಯಾಚೆ ನೋಡಿದೆ. ಏನೋ ಸರಿಯಿಲ್ಲ ಅನ್ನಿಸಿತು, ಏನೆಂದು ತಕ್ಷಣ ತಿಳಿಯಲಿಲ್ಲ. ಗೂಡು ಅಲ್ಲೇ ಇತ್ತು. ಆದರೆ ಬಾಗಿಲಿರಲಿಲ್ಲ. ಕಿಟಕಿಯೂ ಇರಲಿಲ್ಲ. ಬರೀ ಹಲಗೆಯ ಗೋಡೆ. ಕನಸಿನಲ್ಲಿ ಪರಿಚಯದವರ ಮುಖ ಇದ್ದಕ್ಕಿದ್ದಂತೆ ಬೇರೆಯಾಗುವಂತೆ, ನನ್ನ ಕಡೆಗಿದ್ದ ಗೂಡು ಈಗ ಪಕ್ಕ ತಿರುಗಿಸಿ ನಿಂತಿತ್ತು. ಗೂಡು ತಾನಾಗಿ ತಿರುಗುವುದಿಲ್ಲ. ಅದರ ಕೆಳಗಿನ ಮಂಜುಗಡ್ಡೆ ಬಿಟ್ಟುಕೊಂಡು ತಿರುಗುತ್ತಿತ್ತು. ಪಡುವಣ ಗಾಳಿ ಎದ್ದಿತ್ತು, ಅದು ದಂಡೆಯಿಂದ ಆಚೆಗೆ, ನಡು ಸರೋವರಕ್ಕೆ ದೂಡುವ ಗಾಳಿ. ಒಳಗೆ ಕೂತವನಿಗೆ ರೇಡಿಯೋ ಬಿಟ್ಟು ಬೇರೇನೂ ಗೊತ್ತಿಲ್ಲ.

ಕುರ್ಚಿಯಿಂದಲೇ ಅವನಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಆಟದ ನಡುವೆ ಎತ್ತಬಾರದು ತಾನೆ. ಫ್ಲೆಟ್‌ಗೆ ಮಾಡಿದೆ, ಎತ್ತಲಿಲ್ಲ. ಪಕ್ಕದ ಮನೆಯವರು ಎತ್ತಲಿಲ್ಲ, ಬಂದರಿನಲ್ಲಿ ಎತ್ತಲಿಲ್ಲ. ಊರಿಗೆ ಊರೇ ಕುರ್ಚಿಗೆ ಅಂಟಿಕೊಂಡು ಕೂತಿತ್ತು. ತುರ್ತು ಸಂಖ್ಯೆಯವರು ಎತ್ತಿದರು, ದೋಣಿ ಬರಲು ನಲವತ್ತು ನಿಮಿಷವಾದರೂ ಬೇಕು ಎಂದರು.

ಇಷ್ಟೆಲ್ಲ ಮಾಡಿದ್ದು ನಾನು ಕೂತಲ್ಲಿಂದಲೇ. ಕೈ ಕುರ್ಚಿಯ ಹಿಡಿಯನ್ನು ಬಿಟ್ಟಿರಲಿಲ್ಲ. ಪರದೆಯಲ್ಲಿ ನಮ್ಮವರು ಮುನ್ನುಗ್ಗುತ್ತಿದ್ದರು, ಇನ್ನೊಂದು ನಿಮಿಷ, ಈಗ ಬೀಳುತ್ತದೆ, ಈಗ, ಬಿದ್ದ ಮೇಲೆ ಎದ್ದರಾಯಿತು ಎಂದು ತಲೆಯೊಳಗೆ ಯಾರೋ ಹೇಳುತ್ತಿದ್ದರು. ಆ ದನಿಯ ಗುರುತು ನನಗಿತ್ತು. ಒಲೆಯ ಪಕ್ಕದ ಖಾಲಿ ಕುರ್ಚಿಯ ಕಡೆ ನೋಡಿದೆ. ಹನ್ನೆರಡು ವರ್ಷದ ಹಿಂದೆ ಇದೇ ದನಿ ಕೇಳಿಕೊಂಡು ಮುಕ್ಕಾಲು ಗಂಟೆ ಕೂತಿದ್ದೆ.

ಎದ್ದೆ.

ಅಪ್ಪನ ತೇಲುವ ಅಂಗಿ ಹಾಕಿಕೊಂಡು, ಅಂಗಳದಲ್ಲಿ ಮಗುಚಿಟ್ಟ ತಗಡಿನ ದೋಣಿಯನ್ನು ತಿರುಗಿಸಿ ಎಳೆದೆ. ಒದ್ದೆ ಹುಲ್ಲಿನ ಮೇಲೆ ಅದು ಸಲೀಸಾಗಿ ಜಾರಿತು. ಮನೆಯ ಒಳಗೆ ಟಿವಿ ಅರಚುತ್ತಲೇ ಇತ್ತು. ದಂಡೆಯ ನೀರು ಈಗ ಹತ್ತು ಮಾರು ಅಗಲವಾಗಿತ್ತು, ಹಲಗೆ ಎಲ್ಲೋ ತೇಲಿಹೋಗಿತ್ತು. ಹುಟ್ಟು ಹಾಕಿ ದಾಟಿ, ದೋಣಿಯನ್ನು ಮಂಜುಗಡ್ಡೆಯ ಮೇಲಕ್ಕೆ ಎಳೆದುಕೊಂಡೆ. ಕೊಳೆತ ಮಂಜುಗಡ್ಡೆಯ ಮೇಲೆ ನಡೆಯುವ ಬಗೆ ಇದೊಂದೇ. ದೋಣಿಯ ಅಂಚನ್ನು ಎರಡೂ ಕೈಯಿಂದ ಹಿಡಿದು ದೂಡುತ್ತ ನಡೆಯಬೇಕು. ಕಾಲ ಕೆಳಗೆ ಕುಸಿದರೆ ದೋಣಿಯ ಒಳಕ್ಕೆ ಬೀಳಬೇಕು. ಅಪ್ಪ ನಮಗೆ ಹತ್ತು ವರ್ಷ ತುಂಬುವ ಮುಂಚೆ ಕಲಿಸಿದ್ದ.

ಈಗ ದಟ್ಟವಾಗಿದ್ದ ಮಂಜಿನೊಳಗೆ ಹೋದ ಮೇಲೆ ದಂಡೆಯೂ ಇಲ್ಲ, ಮನೆಯೂ ಇಲ್ಲ. ಮೇಲೆ ಕೆಳಗೆ ಒಂದೇ ಬೂದು. ನಾಲ್ಕೂ ಕಡೆಯಿಂದ ಆ ಕಿಣಿಕಿಣಿ. ಎಷ್ಟು ಹೊತ್ತು ನಡೆದೆನೋ. ಹೆಚ್ಚುವರಿ ಅವಧಿಯ ಕಾಲ ಅದು, ಅದಕ್ಕೆ ಅಳತೆಯಿಲ್ಲ. ಭಯ ಆಗಬೇಕಿತ್ತು. ಆದರೆ ಬಹಳ ವರ್ಷದಿಂದ ಒತ್ತುತ್ತಿದ್ದ ಬೂಟು ಕಳಚಿದ ಹಾಗಿತ್ತು ನನಗೆ. ದೋರಿಯ ಹೆಸರು ಕೂಗುತ್ತ ದೂಡಿದೆ. ಎರಡು ಸಲ ಕಾಲು ಮೊಣಕಾಲಿನವರೆಗೆ ಹೋಯಿತು, ಎರಡು ಸಲವೂ ದೋಣಿಯ ಮೇಲೆ ಬಿದ್ದು ಎದ್ದೆ.

ಮಂಜಿನಲ್ಲಿ ಲಾಟೀನು ಕಂಡಿತು. ದೋರಿ ಮಂಜುಗಡ್ಡೆಯ ಅಂಚಿನಲ್ಲಿ ನಿಂತಿದ್ದ. ಅವನಿಗೂ ನನಗೂ ನಡುವೆ ಎರಡಾಳು ಉದ್ದದ ಕಪ್ಪು ನೀರು. ಹೆಗಲಿಗೆ ಚೀಲ ಹಾಕಿಕೊಂಡಿದ್ದ. ರೇಡಿಯೋ ಕೈಯಲ್ಲಿತ್ತು, ಸದ್ದಿರಲಿಲ್ಲ. ದೋಣಿಯನ್ನು ನೀರಿಗಿಳಿಸಿ ಅವನ ಕಡೆಗೆ ಹೋದೆ. ಅವನು ಹತ್ತಿ ನನ್ನ ಎದುರು ಕೂತ. ಉಸಿರು ತಹಬಂದಿಗೆ ಬಂದ ಮೇಲೆ ಕೇಳಿದೆ, ರೇಡಿಯೋ ಯಾಕೆ ಆರಿಸಿದೆ, ಮುಗಿಯಿತೇ ಎಂದು.

"ಇಲ್ಲ, ನಡೀತಾ ಇತ್ತು" ಎಂದ ದೋರಿ. "ಕಿಟಕೀಲಿ ನೋಡ್ದೆ, ನಿನ್ನ ದೀಪ ಇಲ್ಲ. ಬರೀ ನೀರು. ನೀನು ಎದ್ದುಬಿಟ್ಟೆ ಅಂದ್ಕೊಂಡೆ. ಹಾಗಾದ್ರೆ ಮುಗೀತಲ್ಲ, ಸೋತ್ವಿ ಅಂತ ರೇಡಿಯೋ ಆರಿಸಿ, ನಿನಗೆ ಬೈಯೋಣ ಅಂತ ಹೊರಗೆ ಬಂದೆ. ಬಂದು ನೋಡಿದ್ರೆ ದಂಡೆನೇ ಇಲ್ಲ."

ದೀಪ ಆರಿರಲಿಲ್ಲ. ಗೂಡು ತಿರುಗಿದ್ದರಿಂದ ಅವನ ಕಿಟಕಿಯಿಂದ ತಪ್ಪಿಹೋಗಿತ್ತು, ಅಷ್ಟೆ. ಅದನ್ನು ಹೇಳಿದೆ.

"ಹಾಗಾದ್ರೆ ನೀನು ಎದ್ದಿರ್ಲಿಲ್ವಾ?"

"ಎದ್ದೆ. ಆಮೇಲೆ ಎದ್ದೆ" ಎಂದೆ. "ಸ್ವಲ್ಪ ಹೊತ್ತು ಕೂತಿದ್ದೆ ದೋರಿ. ನೋಡಿದ್ಮೇಲೂ ಸ್ವಲ್ಪ ಹೊತ್ತು ಕೂತೇ ಇದ್ದೆ."

ಈಚೆ ಬದಿ ಮುಟ್ಟಿದ ಮೇಲೆ ಇಬ್ಬರೂ ಇಳಿದು, ದೋಣಿಯ ಎರಡು ಬದಿ ಹಿಡಿದು ದೂಡತೊಡಗಿದೆವು. ತಿರುಗಿ ನೋಡಿದಾಗ ಅಪ್ಪ ಕಟ್ಟಿದ ಆ ಗೂಡು, ಒಳಗಿನ ಒಲೆ ಇನ್ನೂ ಉರಿಯುತ್ತಿದ್ದು, ಕೊಳವೆಯಿಂದ ಹೊಗೆ ಬಿಡುತ್ತ, ಮನೆ ಬಿಟ್ಟು ಹೊರಟ ಹಿರಿಯರ ಹಾಗೆ ಮೆಲ್ಲಗೆ ಮಂಜಿನೊಳಗೆ ಹೋಗುತ್ತಿತ್ತು. ಇಬ್ಬರೂ ನಿಂತು ಅದು ಕಾಣದಾಗುವವರೆಗೆ ನೋಡಿದೆವು. ರೇಡಿಯೋ ಹಾಕು ಎಂದು ನಾನೂ ಹೇಳಲಿಲ್ಲ, ಅವನೂ ಹಾಕಲಿಲ್ಲ.

ದಂಡೆಯ ನೀರಿಗೆ ಇನ್ನೇನು ನೂರು ಹೆಜ್ಜೆ ಇದೆ ಅನ್ನುವಾಗ ಹಾರನ್ ಕೇಳಿಸಿತು. ಮೊದಲು ಒಂದು ಟ್ರಕ್ಕು, ಎಲ್ಲೋ ಬಂದರಿನ ಕಡೆ. ಆಮೇಲೆ ಇನ್ನೊಂದು. ಆಮೇಲೆ ಹಳ್ಳಿಯಲ್ಲಿದ್ದ ಗಾಡಿಗಳೆಲ್ಲ ಒಟ್ಟಿಗೆ, ನಡುವೆ ಅಗ್ನಿಶಾಮಕ ಗಾಡಿಯ ಗಂಟೆ, ಯಾರೋ ಪಾತ್ರೆ ಬಡಿಯುವ ಸದ್ದು. ಮಂಜಿನೊಳಗಿಂದ ಅದೆಲ್ಲ ಬಹಳ ದೂರದ ಮದುವೆಯ ವಾಲಗದ ಹಾಗೆ ಬರುತ್ತಿತ್ತು. ಸೋತಾಗ ನಮ್ಮೂರಲ್ಲಿ ಯಾರೂ ಹಾರನ್ ಬಾರಿಸುವುದಿಲ್ಲ.

ದೋರಿ ನಿಂತ. ಅವನ ಬಾಯಿ ಸ್ವಲ್ಪ ತೆರೆದೇ ಇತ್ತು.

"ಗೆದ್ರು" ಎಂದ. "ನೀನು ಎದ್ದೆ, ನಾನು ಗೂಡು ಬಿಟ್ಟೆ. ಆದ್ರೂ ಗೆದ್ರು."

ನಮ್ಮ ಜೀವಮಾನದಲ್ಲಿ ಮೊದಲ ಸಲ ನಮ್ಮವರು ಮೊದಲ ಸುತ್ತು ದಾಟಿದ್ದರು. ಕುಣಿಯಬೇಕಿತ್ತು ನಾನು. ಕುಣಿಯುವ ಬದಲು ದೋಣಿಯ ಅಂಚಿಗೆ ಒರಗಿದೆ. ಎದ್ದರೂ ಗೆಲ್ಲುತ್ತಾರೆ. ಕೂತರೂ ಸೋಲುತ್ತಾರೆ. ನಾವು ಕೂರುವುದಕ್ಕೂ ಏಳುವುದಕ್ಕೂ ಅಲ್ಲಿನ ಆಟಕ್ಕೂ ಏನೂ ಸಂಬಂಧವಿರಲಿಲ್ಲ, ಎಂದೂ ಇರಲಿಲ್ಲ. ಇದು ಹತ್ತು ವರ್ಷದ ಮಗುವಿಗೂ ಗೊತ್ತಿರುವ ಸಂಗತಿ. ನನಗೂ ಗೊತ್ತಿತ್ತು. ಆದರೆ ಹನ್ನೆರಡು ವರ್ಷದಿಂದ ನನಗೆ ಅದು ಸುಳ್ಳಾಗಿರಲೇಬೇಕಿತ್ತು. ನಿಯಮ ನಿಜವಾಗಿದ್ದರೆ ಆ ದಿನ ನಾವು ಕೂತದ್ದಕ್ಕೆ ಒಂದು ಅರ್ಥವಿರುತ್ತಿತ್ತು. ಈಗ ಆ ಅರ್ಥವನ್ನೂ ಊರವರು ಹಾರನ್ ಹೊಡೆದು ಕಿತ್ತುಕೊಂಡರು. ನನಗೆ ಅಳು ಬಂತು, ಸಿಟ್ಟೂ ಬಂತು. ಸಿಟ್ಟು ಅಪ್ಪನ ಮೇಲೆ. ಅವನ ಮೇಲೆ ಸಿಟ್ಟು ಮಾಡಿಕೊಳ್ಳಲು ನನಗೆ ಇಷ್ಟು ವರ್ಷ ಬೇಕಾಯಿತು.

"ಅವತ್ತೂ ಏಳಬಹುದಿತ್ತು ದೋರಿ" ಎಂದೆ.

ಯಾವತ್ತು ಎಂದು ಅವನು ಕೇಳಲಿಲ್ಲ.

"ಹೂಂ, ಏಳಬಹುದಿತ್ತು" ಎಂದ. "ನಿನ್ನ ಮುಖ ನೋಡ್ತಾ ಕೂತಿದ್ದೆ ಕಣೆ. ನೀನು ಎದ್ರೆ ಏಳೋಣ ಅಂತ."

"ನಾನು ನಿನ್ನ ನೋಡ್ತಿದ್ದೆ."

ನೀರು ದಾಟಿ, ದೋಣಿ ಎಳೆದಿಟ್ಟು, ಮನೆಯೊಳಗೆ ಬಂದು, ತುರ್ತು ಸಂಖ್ಯೆಯವರಿಗೆ ಇನ್ನು ದೋಣಿ ಬೇಡ ಎಂದು ತಿಳಿಸಿದೆವು. ಅಡುಗೆಮನೆ ಬೆಚ್ಚಗಿತ್ತು. ಹಳದಿ ದೀಪ ಉರಿಯುತ್ತಿತ್ತು, ಕೇಕಿನ ತುಂಡು ತಟ್ಟೆಯಲ್ಲಿ ಹಾಗೇ ಇತ್ತು. ಟಿವಿಯಲ್ಲಿ ಗೆಲುವಿನ ಗೋಲನ್ನು ಮತ್ತೆ ಮತ್ತೆ ತೋರಿಸಿ ಸಾಕಾಗಿ, ಕೈಕುಲುಕುವ ಸಾಲನ್ನು ಎರಡನೆಯ ಸಲ ತೋರಿಸುತ್ತಿದ್ದರು. ಬೆವೆತ ಕೂದಲು, ತುರಿಸುವ ಗಡ್ಡ, ಒಬ್ಬನ ಹುಬ್ಬಿಗೆ ಹೊಲಿಗೆ. ಮುಖ ನೋಡಿದರೆ ಗೆದ್ದವರಾರು ಸೋತವರಾರು ಎಂದು ಹೇಳಲಾಗುತ್ತಿರಲಿಲ್ಲ. ಒಬ್ಬೊಬ್ಬರೇ ಬರುತ್ತಿದ್ದರು, ಕೈ ಹಿಡಿದು ಏನೋ ಒಂದು ಮಾತು ಹೇಳಿ ಮುಂದಕ್ಕೆ ಸರಿಯುತ್ತಿದ್ದರು. ಮರುಭೂಮಿಯವರ ಬಗ್ಗೆ ನಾನು ಅಂದ ಮಾತನ್ನು ಹಿಂದೆ ತೆಗೆದುಕೊಂಡೆ.

ದೋರಿ ತಲೆಯ ಟೋಪಿ ತೆಗೆದ. ಒಲೆಯ ಪಕ್ಕದ ಖಾಲಿ ಕುರ್ಚಿಯನ್ನು ಒಮ್ಮೆ ನೋಡಿದ. ಆಮೇಲೆ ನನ್ನ ಕಡೆ ತಿರುಗಿ, ಆಟಗಾರರು ಮಾಡುವ ಹಾಗೆ, ಒದ್ದೆ ಕೈಗವಸು ಕಳಚಿ ಬಲಗೈ ಮುಂದೆ ಚಾಚಿದ.

ಹಿಡಿದುಕೊಂಡೆ. ಮೀನಿನ ವಾಸನೆಯ, ಮಂಜುಗಡ್ಡೆಯಷ್ಟು ತಣ್ಣಗಿನ ಕೈ. ಸಾಲಿನಲ್ಲಿ ನಮ್ಮ ಹಿಂದೆ ಯಾರೂ ಇರಲಿಲ್ಲವಾದ್ದರಿಂದ ಬೇಗ ಬಿಡುವ ಅಗತ್ಯವೂ ಇರಲಿಲ್ಲ. ಹೊರಗೆ ಹಾರನ್‌ಗಳು ಒಂದೊಂದಾಗಿ ನಿಂತವು. ಟಿವಿಯಲ್ಲಿ ಎರಡನೆಯ ಸುತ್ತಿನ ಎದುರಾಳಿ ಯಾರು ಎಂದು ಹೇಳತೊಡಗಿದರು. ನಾವಿಬ್ಬರೂ ನಿಂತುಕೊಂಡೇ ಕೇಳಿದೆವು.